ಇಟಲಿಯಿಂದ ಬಂದ ಚೆಸ್ಟ್‌ನಟ್ ಹಿಟ್ಟು, ನಮ್ಮ ಮಳೆಗಾಲ: ಹಾಳಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಕುಲಶೇಖರದ_ಮನೆ | ಜೂನ್ 27, ರಾತ್ರಿ 9.40

ನಮಸ್ಕಾರ. ವಿಷಯ ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಹೇಳಿದರೆ ಉಪಕಾರ.

ನನ್ನ ಅಕ್ಕ ಇಟಲಿಯಲ್ಲಿ, ಟಸ್ಕನಿಯ ಬೆಟ್ಟದ ಊರೊಂದರಲ್ಲಿ, ವಯಸ್ಸಾದ ಒಬ್ಬ ಅಮ್ಮನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಏಪ್ರಿಲ್ ಕೊನೆಗೆ ರಜೆಯಲ್ಲಿ ಬಂದವಳು ಚೆಸ್ಟ್‌ನಟ್ ಹಿಟ್ಟು ತಂದಳು, ಒಂದೊಂದು ಕಿಲೋದ ಮೂರು ಪ್ಯಾಕೆಟ್. ನನ್ನ ಮಗಳಿಗೆ ಈಗ ಏಳು, ಬರುವ ತಿಂಗಳಿಗೆ ಎಂಟು ತುಂಬುತ್ತದೆ. ಅವಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ರವೆ ಯಾವುದೂ ಆಗುವುದಿಲ್ಲ. ಶಾಲೆಗೆ ಯಾರದ್ದಾದರೂ ಬರ್ತ್‌ಡೇ ಕೇಕ್ ಬಂದರೆ ಇವಳು ಕೈಕಟ್ಟಿ ಕೂರಬೇಕು. ಅದಕ್ಕೇ ಅಕ್ಕ ತನ್ನ ಬಟ್ಟೆ ಕಡಿಮೆ ಮಾಡಿ ಇದನ್ನು ಹೊತ್ತು ತಂದದ್ದು. ಚೆಸ್ಟ್‌ನಟ್ ಅಂದರೆ ಮುಳ್ಳುಮುಳ್ಳಿನ ಸಿಪ್ಪೆಯೊಳಗೆ ಇರುವ ಕಂದು ಬಣ್ಣದ ಬೀಜ. ಬೇಯಿಸಿದರೆ ರುಚಿ ಹೆಚ್ಚುಕಡಿಮೆ ನಮ್ಮ ಹಲಸಿನ ಬೀಜದ್ದೇ, ಸಿಹಿ ಮಾತ್ರ ಜಾಸ್ತಿ. ಅದರ ಹಿಟ್ಟಿನಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ, ಇವಳಿಗೆ ಆಗದ ಅಂಶ) ಇಲ್ಲ, ಸಕ್ಕರೆ ಹಾಕದೆಯೇ ಸಿಹಿ ಉಂಟು.

ಮೇ ತಿಂಗಳಲ್ಲಿ ಒಂದು ಪ್ಯಾಕೆಟ್ ಒಡೆದು ಅರ್ಧದಷ್ಟು ದೋಸೆ ಮಾಡಿ ಮುಗಿಸಿದೆವು. ಉಳಿದದ್ದನ್ನು ಪ್ಯಾಕೆಟಿನಲ್ಲೇ ರಬ್ಬರ್ ಬ್ಯಾಂಡ್ ಹಾಕಿ ಸ್ಟೀಲ್ ಡಬ್ಬದಲ್ಲಿಟ್ಟು ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಆಮೇಲೆ ಮಳೆ ಹಿಡಿಯಿತು, ಶಾಲೆ ಶುರುವಾಯಿತು, ನಾನು ಆ ಕಡೆ ನೋಡಲೇ ಇಲ್ಲ. ಇವತ್ತು ತೆಗೆದರೆ ಗಂಟು ಗಂಟು. ಒಂದು ಬದಿಯಲ್ಲಿ ಬಣ್ಣ ಕಪ್ಪಾದ ಹಾಗೆ ಕಾಣುತ್ತದೆ. ಮೊದಲಿಂದಲೂ ಅದಕ್ಕೊಂದು ಹೊಗೆಯ ವಾಸನೆ ಇತ್ತು, ಈಗ ಅದರ ಜೊತೆಗೆ ಒದ್ದೆ ಗೋಣಿಯಂಥ ಇನ್ನೊಂದು ವಾಸನೆ. ಒಡೆಯದ ಎರಡು ಪ್ಯಾಕೆಟ್ ಬೀರುವಿನಲ್ಲಿವೆ, ಒಂದು ಇಟ್ಟಿಗೆಯಷ್ಟು ಗಟ್ಟಿ, ಇನ್ನೊಂದು ಮೆತ್ತಗೆ. ಮೇಲೆ ಬರೆದ ತಾರೀಕು ಬರುವ ವರ್ಷದ ಫೆಬ್ರವರಿ.

ಅತ್ತೆ ಹೇಳ್ತಾರೆ, ಹುರಿದರೆ ಎಲ್ಲ ಸರಿಯಾಗುತ್ತದೆ ಅಂತ. ಮಗುವಿಗೆ ಕೊಡುವಂಥದ್ದು, ಧೈರ್ಯ ಬರುವುದಿಲ್ಲ. ಅಷ್ಟು ದೂರದಿಂದ ತಂದದ್ದನ್ನು ಬಿಸಾಡಲಿಕ್ಕೂ ಕೈ ಬರುವುದಿಲ್ಲ. ಗೊತ್ತಿದ್ದವರು ಹೇಳಿ.

ರಥಬೀದಿ_ಉಡುಪಿ | ಜೂನ್ 27, ರಾತ್ರಿ 10.05

ಇದು ಸಿಂಘಾರ ಹಿಟ್ಟಲ್ಲವೇ? ನಾನೂ ಒಮ್ಮೆ ಆನ್‌ಲೈನಿನಲ್ಲಿ ಚೆಸ್ಟ್‌ನಟ್ ಹಿಟ್ಟು ಅಂತ ನೋಡಿ ತರಿಸಿದ್ದೆ, ಬಂದದ್ದು ಉತ್ತರದವರು ನವರಾತ್ರಿ ಉಪವಾಸಕ್ಕೆ ಬಳಸುವ ಸಿಂಘಾರ. ಅದು ವರ್ಷವಾದರೂ ಕೆಡಲಿಲ್ಲ.

ಕುಲಶೇಖರದ_ಮನೆ | ಜೂನ್ 27, ರಾತ್ರಿ 10.12

ಅದಲ್ಲ. ಅದು ಕೆರೆಯಲ್ಲಿ ಬೆಳೆಯುವ ಗಿಡದ ಕಾಯಿ ಅಂತ ಅಕ್ಕ ಮೊದಲೇ ಹೇಳಿದ್ದಳು. ಇದು ಕಾಡಿನ ದೊಡ್ಡ ಮರದ ಬೀಜ. ಹಿಟ್ಟು ಬಿಳಿ ಇಲ್ಲ, ತಿಳಿ ಕೆನೆ ಬಣ್ಣ.

ಅಟ್ಟದಮನೆ_ಕಾರ್ಕಳ | ಜೂನ್ 28, ಬೆಳಿಗ್ಗೆ 6.30

ನಿಮ್ಮ ಅತ್ತೆ ಹೇಳಿದ್ದು ಸರಿ ಉಂಟಮ್ಮ. ನಮ್ಮ ಕಾಲದಲ್ಲಿ ಹಲಸಿನ ಬೀಜದ ಹುಡಿ, ಕೂವೆ ಹುಡಿ, ಅಕ್ಕಿ ಹುಡಿ ಯಾವುದಾದರೂ ಆಟಿ ತಿಂಗಳ ಮಳೆಯಲ್ಲಿ ಸ್ವಲ್ಪ ಮುಗ್ಗುತ್ತಿತ್ತು. ಜರಡಿ ಹಿಡಿದು, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತಿಂದಿದ್ದೇವೆ. ಯಾರಿಗೂ ಏನೂ ಆಗಲಿಲ್ಲ. ಅನ್ನ ಬಿಸಾಡಬಾರದು.

ಬಾಳೆತೋಟ_ವಿಟ್ಲ | ಜೂನ್ 28, ಬೆಳಿಗ್ಗೆ 8.15

ಚೆಸ್ಟ್‌ನಟ್ ನಾನು ಕಣ್ಣಲ್ಲಿ ಕಂಡದ್ದಿಲ್ಲ. ಆದರೆ 2021ರಲ್ಲಿ ಬಾಳೆಕಾಯಿಗೆ ದರ ಬಿದ್ದು ಎಲ್ಲರೂ ಬಾಕಾಹು ಮಾಡಲಿಕ್ಕೆ ಶುರು ಮಾಡಿದರಲ್ಲ, ಬಾಳೆಕಾಯಿ ಹುಡಿ, ಅವತ್ತಿಂದ ನಮ್ಮಲ್ಲಿ ಪ್ರತಿ ಬೇಸಿಗೆಯಲ್ಲೂ ಮಾಡುತ್ತೇವೆ. ಮೊದಲ ವರ್ಷ ಹತ್ತು ಕಿಲೋ ಹಾಳು ಮಾಡಿ ಕಲಿತದ್ದನ್ನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಹುಡಿ ಕೆಡುವುದು ಮೂರು ದಾರಿಯಲ್ಲಿ. ತೇವ ಎಳೆದು ಬೂಸ್ಟು ಬರುವುದು ಒಂದು. ಹುಳ ಬೀಳುವುದು ಇನ್ನೊಂದು. ಎಣ್ಣೆ ಅಂಶ ಹಳತಾಗಿ ಕಮಟು ಬರುವುದು ಮತ್ತೊಂದು. ಮೂರಕ್ಕೂ ವಾಸನೆ ಬೇರೆ, ಮೂರನ್ನೂ "ಏನೋ ಒಂದು ವಾಸನೆ" ಅಂತ ಒಂದೇ ಮೂಟೆಗೆ ಕಟ್ಟಿದರೆ ತೀರ್ಮಾನ ತಪ್ಪುತ್ತದೆ. ಒದ್ದೆ ಗೋಣಿ, ಮುಚ್ಚಿಟ್ಟ ಹಳೆ ಕೋಣೆ, ನೆಲಮಾಳಿಗೆ ಇಂಥ ವಾಸನೆ ಇದ್ದರೆ ಬೂಸ್ಟು. ಹಳೆ ಕೊಬ್ಬರಿ ಎಣ್ಣೆ, ಒಣಗಿದ ಪೈಂಟು ಇದ್ದ ಹಾಗಿದ್ದರೆ ಕಮಟು. ಬಾಯಿಗೆ ಹಾಕಿದರೆ ಗಂಟಲು ಕೆರೆಯುತ್ತದೆ.

ಮೂಗಿಗೆ ನಿಖರ ಗೊತ್ತಾಗದಿದ್ದರೆ ನಾನು ಮಾಡುವ ಕ್ರಮ ಇದು: ಸಣ್ಣ ಲೋಟದಲ್ಲಿ ಒಂದು ಚಮಚ ಹುಡಿ ಹಾಕಿ, ಮೇಲಿಂದ ಕುದಿಯುವ ನೀರು ನಾಲ್ಕು ಚಮಚ, ತಟ್ಟೆ ಮುಚ್ಚಿ ಒಂದು ನಿಮಿಷ ಬಿಡಿ. ಆಮೇಲೆ ಮುಚ್ಚಳ ಸರಿಸಿ ಮೂಗು ಹಿಡಿಯಿರಿ. ಒಣ ಹುಡಿಯಲ್ಲಿ ಅಡಗಿ ಕೂತ ವಾಸನೆ ಬಿಸಿಗೆ ಮೇಲೆ ಬರುತ್ತದೆ. ಪಕ್ಕದಲ್ಲಿ ಒಳ್ಳೆಯದು ಅಂತ ಗೊತ್ತಿರುವ ಹುಡಿಯನ್ನೂ ಹೀಗೇ ಮಾಡಿಟ್ಟುಕೊಂಡರೆ ಹೋಲಿಸಿ ನೋಡಬಹುದು.

ಇನ್ನೊಂದು ಕೇಳಬೇಕು. ಮೇ ತಿಂಗಳಲ್ಲಿ ತೆಗೆಯುವಾಗ ಚಮಚ ಒಣಗಿತ್ತಾ?

ಕುಲಶೇಖರದ_ಮನೆ | ಜೂನ್ 28, ಬೆಳಿಗ್ಗೆ 9.02

ಒಣಗಿರಲಿಕ್ಕಿಲ್ಲ. ದೋಸೆ ಹಿಟ್ಟು ಕಲಸುತ್ತಾ ಕಲಸುತ್ತಾ ಅದೇ ಚಮಚದಲ್ಲಿ ಇನ್ನೆರಡು ಚಮಚ ತೆಗೆದದ್ದು ನೆನಪುಂಟು.

ಲ್ಯಾಬ್‌ಕೋಟು_ಮಣಿಪಾಲ | ಜೂನ್ 28, ಮಧ್ಯಾಹ್ನ 1.20

ನಾನು ಆಹಾರ ವಿಜ್ಞಾನ ಓದಿದವಳು, ಪರೀಕ್ಷಾಲಯದಲ್ಲಿ ಕೆಲಸ. ವಿಟ್ಲದ ಅಣ್ಣ ಹೇಳಿದ ವಿಂಗಡಣೆ ನೂರಕ್ಕೆ ನೂರು ಸರಿ. ಚೆಸ್ಟ್‌ನಟ್ ಹಿಟ್ಟಿಗೆ ಅದು ಯಾಕೆ ಇನ್ನೂ ಮುಖ್ಯ ಅಂತ ಬರೆಯುತ್ತೇನೆ.

ಈ ಹಿಟ್ಟಿನ ತೂಕದಲ್ಲಿ ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೂ ಸಕ್ಕರೆ ಇರುತ್ತದೆ. ಅಕ್ಕಿ ಹಿಟ್ಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನಮ್ಮ ಬೆಲ್ಲದ ಡಬ್ಬ ಜೂನ್‌ನಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ಲ. ಅದೂ ಅಲ್ಲದೆ ನೂರು ಗ್ರಾಂಗೆ ಮೂರು-ನಾಲ್ಕು ಗ್ರಾಂ ಎಣ್ಣೆ ಅಂಶ ಉಂಟು. ಅದರಲ್ಲಿ ಹೆಚ್ಚಿನದು ಗಾಳಿ ತಾಗಿದರೆ ಬೇಗ ಕಮಟುವ ಜಾತಿಯದು. ಸಿಂಘಾರದಲ್ಲಿ ಎಣ್ಣೆ ತೀರಾ ಕಡಿಮೆ, ಆದ್ದರಿಂದ ರಥಬೀದಿಯವರ ಸಿಂಘಾರ ವರ್ಷ ಬಾಳಿದ್ದು ಆಶ್ಚರ್ಯವಲ್ಲ. ಅದನ್ನು ನೋಡಿ ಇದಕ್ಕೆ ಲೆಕ್ಕ ಹಾಕಬಾರದು.

ಹಿಟ್ಟಿನ ತೇವ ಶೇಕಡಾ 13-14ರ ಒಳಗೆ ಇರುವಷ್ಟು ದಿನ ಬೂಸ್ಟಿಗೆ ಬೆಳೆಯಲಿಕ್ಕೆ ಕಷ್ಟ. ನಮ್ಮಲ್ಲಿ ಜುಲೈಯಲ್ಲಿ ಗಾಳಿಯ ಆರ್ದ್ರತೆ ಶೇಕಡಾ 90ರ ಸುತ್ತ. ರಬ್ಬರ್ ಬ್ಯಾಂಡ್ ಹಾಕಿದ ಪ್ಯಾಕೆಟ್ ಅಂದರೆ ಹೆಚ್ಚುಕಡಿಮೆ ತೆರೆದಿಟ್ಟ ಪ್ಯಾಕೆಟ್. ಫ್ರಿಜ್ಜಿನ ಮೇಲಿನ ಜಾಗ ಬೆಚ್ಚಗೆ ಬೇರೆ.

ಅಕ್ಕ, ನೀವು ಒಡೆದ ಪ್ಯಾಕೆಟನ್ನು ದಯವಿಟ್ಟು ಬಿಸಾಡಿ. ಕಪ್ಪಾದ ಭಾಗ ಮಾತ್ರ ತೆಗೆದು ಉಳಿದದ್ದು ಇಟ್ಟುಕೊಳ್ಳಬೇಡಿ. ಹಿಟ್ಟಿನಲ್ಲಿ ಬೂಸ್ಟಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ತುಂಬ ದೂರ ಹರಡಿರುತ್ತದೆ. ರುಚಿ ನೋಡುವ ಪ್ರಯೋಗವೂ ಬೇಡ. ಬೂಸ್ಟಿನ ವಾಸನೆ ಬಂದ ಮೇಲೆ ನಾಲಿಗೆಗೆ ಕೆಲಸ ಇಲ್ಲ.

ಅಟ್ಟದಮನೆ_ಕಾರ್ಕಳ | ಜೂನ್ 28, ಸಂಜೆ 4.45

ಹುರಿದರೆ ಬೂಸ್ಟು ಸಾಯುವುದಿಲ್ಲವೇ ಮಗಾ? ಬೆಂಕಿಗಿಂತ ದೊಡ್ಡ ಶುದ್ಧಿ ಯಾವುದು? ಇವರು ಎಷ್ಟು ಆಸೆಯಿಂದ ಇಟ್ಟುಕೊಂಡಿದ್ದಾರೆ ಅಂತ ಬರೆದದ್ದು ಓದಿಯೇ ಗೊತ್ತಾಗುತ್ತದೆ. ಅದಕ್ಕೆ ಕೇಳುತ್ತಿದ್ದೇನೆ, ವಾದಕ್ಕಲ್ಲ.

ಲ್ಯಾಬ್‌ಕೋಟು_ಮಣಿಪಾಲ | ಜೂನ್ 28, ರಾತ್ರಿ 8.50

ಕೇಳಿದ್ದು ಒಳ್ಳೆಯದಾಯಿತು ಅಮ್ಮ, ಈ ಸಂಶಯ ತುಂಬ ಮನೆಗಳಲ್ಲಿ ಉಂಟು. ಬೂಸ್ಟು ಸಾಯುತ್ತದೆ, ಹೌದು. ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಆ ವಿಷಕ್ಕೆ ಜೀವವೇ ಇಲ್ಲವಲ್ಲ. ಅಫ್ಲಾಟಾಕ್ಸಿನ್ ಅನ್ನುವುದು ಅವುಗಳಲ್ಲಿ ಒಂದು, ಆಸ್ಪರ್ಜಿಲಸ್ ಜಾತಿಯ ಬೂಸ್ಟು ಹುಟ್ಟಿಸುತ್ತದೆ. ನಮ್ಮ ಬಾಣಲೆಯ ಬಿಸಿಗೆ, ಇಡ್ಲಿ ಅಟ್ಟದ ಹಬೆಗೆ ಅದು ಪೂರ್ತಿ ಹೋಗುವುದಿಲ್ಲ. ಹುರಿದರೆ ಆಗುವುದು ಇಷ್ಟೇ, ಮುಗ್ಗಲು ವಾಸನೆ ಹಾರಿಹೋಗುತ್ತದೆ. ಅಂದರೆ ನಮ್ಮನ್ನು ಎಚ್ಚರಿಸುತ್ತಿದ್ದ ಒಂದೇ ಒಂದು ಗುರುತನ್ನು ನಾವೇ ಅಳಿಸಿಬಿಟ್ಟ ಹಾಗೆ.

ಇದು ಪುಸ್ತಕದ ಹೆದರಿಕೆಯಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಮೂಲ ಹುಡುಕಿದರೆ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷದ ವಿಷಯ ಲೋಕಕ್ಕೆ ಗೊತ್ತಾದದ್ದೇ ಹಾಗೆ. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟು ಬಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಿಗೂ ಬೇರೆ ಧಾನ್ಯ ಇರಲಿಲ್ಲ, ಬೇಯಿಸಿಯೇ ತಿಂದರು. ಒಮ್ಮೆ ತಿಂದರೆ ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಸ್ವಲ್ಪ ಸ್ವಲ್ಪ ಹೋದರೂ ವರ್ಷಗಟ್ಟಲೆ ಯಕೃತ್ತಿಗೆ ಪೆಟ್ಟು ಕೊಡುತ್ತದೆ, "ಯಾರಿಗೂ ಏನೂ ಆಗಲಿಲ್ಲ" ಅಂತ ನಮಗೆ ಅನ್ನಿಸುವುದು ಆದ್ದರಿಂದಲೇ. ಸೀಲಿಯಾಕ್ ಇರುವ ಮಗುವಿನ ಕರುಳು ಮೊದಲೇ ನೊಂದದ್ದು.

ಅಟ್ಟದಮನೆ_ಕಾರ್ಕಳ | ಜೂನ್ 28, ರಾತ್ರಿ 9.30

ಸರಿ ಮಗಾ. ಗೊತ್ತಿರಲಿಲ್ಲ. ಕುಲಶೇಖರದವರೇ, ನನ್ನ ಮಾತು ಹಿಂದೆ ತೆಗೆದುಕೊಂಡೆ. ಬಿಸಾಡಿ.

ಮಲ್ಪೆ_ಐಸ್ | ಜೂನ್ 29, ಬೆಳಿಗ್ಗೆ 7.10

ಉಳಿದ ಎರಡು ಪ್ಯಾಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನದು ಮೀನು ಪ್ಯಾಕಿಂಗ್ ಕೆಲಸ, ವ್ಯಾಕ್ಯೂಮ್ ಪ್ಯಾಕೆಟ್ ದಿನಾ ನೂರಾರು ಕೈಯಲ್ಲಿ ಹಾದುಹೋಗುತ್ತದೆ. ಇಟ್ಟಿಗೆಯಷ್ಟು ಗಟ್ಟಿ ಇದೆ ಅಂದಿರಲ್ಲ, ಅದು ಒಳ್ಳೆ ಲಕ್ಷಣ. ಗಾಳಿ ತೆಗೆದು ಸೀಲ್ ಮಾಡಿದ್ದು, ಸೀಲ್ ಇನ್ನೂ ಹಿಡಿದು ನಿಂತಿದೆ ಅಂತ ಅರ್ಥ. ಮೆತ್ತಗಾದದ್ದೇ ಸಂಶಯದ್ದು. ಎಲ್ಲೋ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ. ಅದನ್ನು ನೀರಿನ ಬಕೆಟಿನಲ್ಲಿ ಮುಳುಗಿಸಿ ನೋಡುವ ಬುದ್ಧಿ ಮಾತ್ರ ಮಾಡಬೇಡಿ, ಹಿಟ್ಟಿಗೆ ನೀರು ಹೋಗುತ್ತದೆ. ಬಿಳಿ ಕಾಗದದ ಮೇಲೆ ಒಡೆದು ಹಗಲಿನ ಬೆಳಕಲ್ಲಿ ನೋಡಿ.

ಒಳ್ಳೆಯದಾಗಿದ್ದರೆ ಫ್ರೀಜರಿಗೆ ಹಾಕಿ, ಬೀರುವಿನಲ್ಲಿ ಇಡಬೇಡಿ. ಕಾಲು ಕಾಲು ಕಿಲೋ ಮಾಡಿ ಬೇರೆ ಬೇರೆ ಕಟ್ಟಿ. ದೊಡ್ಡ ಪ್ಯಾಕೆಟ್ ಒಂದೇ ಇಟ್ಟರೆ ಪ್ರತಿ ಸಲ ಹೊರಗೆ ತೆಗೆದು ಒಳಗೆ ಇಡುವಾಗ ಬೆವರುತ್ತದೆ. ಇದು ಬಹಳ ಮುಖ್ಯ: ಫ್ರೀಜರಿನಿಂದ ತೆಗೆದ ಪ್ಯಾಕೆಟನ್ನು ತಕ್ಷಣ ಬಿಡಿಸಬೇಡಿ. ರಾತ್ರಿ ತೆಗೆದು ಮೇಜಿನ ಮೇಲಿಟ್ಟು ಬೆಳಿಗ್ಗೆ ಬಿಡಿಸಿ. ನಮ್ಮ ಗಾಳಿಯಲ್ಲಿ ತಣ್ಣನೆಯ ಹಿಟ್ಟನ್ನು ತೆರೆದರೆ ಐಸ್ ನೀರಿನ ಲೋಟದ ಹೊರಗೆ ನೀರು ಕೂತ ಹಾಗೆ ಹಿಟ್ಟಿನ ಮೇಲೇ ನೀರು ಕೂರುತ್ತದೆ. ಪ್ಯಾಕೆಟ್ ಬೆವರಿದರೆ ಒರೆಸಬಹುದು, ಹಿಟ್ಟು ಬೆವರಿದರೆ ಒರೆಸಲಿಕ್ಕೆ ಆಗುವುದಿಲ್ಲ.

ಬೆಂದೂರುವೆಲ್_ಅಡುಗೆ | ಜೂನ್ 29, ಬೆಳಿಗ್ಗೆ 10.00

ಜೂನ್, ಜುಲೈ ಟ್ರಾಲ್ ಮೀನುಗಾರಿಕೆ ಬಂದ್ ಅಂತ ನಮ್ಮ ಫ್ರೀಜರ್ ತುಂಬ ಬಂಗುಡೆ, ಸಿಗಡಿ. ಅದರ ಜೊತೆ ಸಿಹಿ ಹಿಟ್ಟು ಇಟ್ಟರೆ ವಾಸನೆ ಹಿಡಿಯುವುದಿಲ್ಲವಾ?

ಮಲ್ಪೆ_ಐಸ್ | ಜೂನ್ 29, ಬೆಳಿಗ್ಗೆ 10.25

ಹಿಡಿಯುತ್ತದೆ, ಒಂದೇ ಪ್ಲಾಸ್ಟಿಕ್ ಲಕೋಟೆಯಾದರೆ. ದಪ್ಪದ ಜಿಪ್ ಚೀಲಕ್ಕೆ ಹಾಕಿ ಗಾಳಿ ಒತ್ತಿ ತೆಗೆದು, ಆ ಚೀಲಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಮೀನನ್ನೂ ಡಬ್ಬದಲ್ಲಿಡಿ. ಎರಡೂ ಕಡೆ ಮುಚ್ಚಿದರೆ ತೊಂದರೆ ಇಲ್ಲ. ಗಾಳಿಮಳೆಗೆ ಕರೆಂಟು ಏಳೆಂಟು ಗಂಟೆ ಹೋದರೆ ಹೆದರಬೇಡಿ, ಮುಚ್ಚಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸಾಕು. ಮೀನಿಗೆ ಆಗುವ ನಷ್ಟ ಒಣ ಹಿಟ್ಟಿಗೆ ಆಗುವುದಿಲ್ಲ.

ಲ್ಯಾಬ್‌ಕೋಟು_ಮಣಿಪಾಲ | ಜೂನ್ 29, ಮಧ್ಯಾಹ್ನ 2.00

ಫ್ರೀಜರಿಗೆ ಇನ್ನೊಂದು ಉಪಯೋಗ: ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇದ್ದರೆ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಒಂದೇ ಬಾಗಿಲಿನ ಹಳೆ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ, ಅಂಥದ್ದಾದರೆ ವಾರ ಹತ್ತು ದಿನ ಬಿಡಿ.

ಹುಳದ ಗುರುತೂ ಹೇಳಿಬಿಡುತ್ತೇನೆ. ಅಕ್ಕಿಯಲ್ಲಿ ಬರುವ ಸೊಂಡಿಲಿನ ಕುಟ್ಟೆಹುಳ ಬೇರೆ. ಹಿಟ್ಟಿನಲ್ಲಿ ಬರುವುದು ಕೆಂಗಂದು ಬಣ್ಣದ ಚಪ್ಪಟೆ ಹುಳ, ಟ್ರೈಬೋಲಿಯಂ ಕಾಸ್ಟೇನಿಯಂ ಅಂತ ಅದರ ಶಾಸ್ತ್ರೀಯ ಹೆಸರು. ಕಾಸ್ಟೇನಿಯಂ ಅಂದರೆ ಚೆಸ್ಟ್‌ನಟ್ ಬಣ್ಣದ್ದು ಅಂತಲೇ ಅರ್ಥ, ಅದಕ್ಕೆ ಅದನ್ನು ಈ ಹಿಟ್ಟಿನಲ್ಲಿ ಹುಡುಕುವುದೂ ಕಷ್ಟ! ಹಿಟ್ಟನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಚಾಕುವಿನಿಂದ ಮೇಲ್ಮೈ ನುಣ್ಣಗೆ ಮಾಡಿ ಹತ್ತು ನಿಮಿಷ ಬಿಡಿ. ಒಳಗೆ ಏನಾದರೂ ಇದ್ದರೆ ಮೇಲೆ ಗೆರೆ ಬೀಳುತ್ತದೆ. ಈ ಹುಳ ತುಂಬ ಹೆಚ್ಚಾದರೆ ಹಿಟ್ಟಿಗೆ ನಸುಗೆಂಪು ಬಣ್ಣ, ಕಟುವಾದ ಔಷಧಿಯಂಥ ವಾಸನೆ ಬರುತ್ತದೆ. ಅದು ಹುಳ ಬಿಡುವ ಕ್ವಿನೋನ್ ಅನ್ನುವ ರಾಸಾಯನಿಕ, ಜರಡಿ ಹಿಡಿದರೆ ಹೋಗುವಂಥದ್ದಲ್ಲ. ಮೂಲೆಯಲ್ಲಿ ಜೇಡರ ಬಲೆಯ ಹಾಗೆ ಎಳೆ ಕಟ್ಟಿ ಹಿಟ್ಟು ತೂಗಿದ್ದರೆ ಅದು ಪತಂಗದ ಮರಿಹುಳ. ಪ್ಲಾಸ್ಟಿಕನ್ನೇ ಕಚ್ಚಿ ತೂತು ಮಾಡುವ ಶಕ್ತಿ ಅದಕ್ಕೆ ಉಂಟು.

ಲುಕ್ಕಾದ_ಅಕ್ಕ | ಜೂನ್ 30, ಬೆಳಗಿನ ಜಾವ 2.15

ತಂಗಿ ಈ ಚರ್ಚೆಯ ಕೊಂಡಿ ಕಳಿಸಿದಳು. ಹಿಟ್ಟು ತಂದವಳು ನಾನೇ. ಇಲ್ಲಿ ಈಗ ರಾತ್ರಿ, ಅಮ್ಮ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಹೊಗೆ ವಾಸನೆಯ ವಿಷಯ. ಅದು ಹಾಳಾದದ್ದರ ಗುರುತಲ್ಲ. ನಾನಿರುವುದು ಲುಕ್ಕಾದ ಉತ್ತರಕ್ಕೆ, ಗರ್ಫಾನ್ಯಾನ ಅನ್ನುವ ಕಣಿವೆಯಲ್ಲಿ. ಇಲ್ಲಿ ಚೆಸ್ಟ್‌ನಟ್ ಮರಕ್ಕೆ ರೊಟ್ಟಿಯ ಮರ ಅಂತಲೇ ಹೇಳುತ್ತಾರೆ, ಗೋಧಿ ಬೆಳೆಯದ ಬೆಟ್ಟದ ಜನ ನೂರಾರು ವರ್ಷ ಇದರಲ್ಲೇ ಬದುಕಿದ್ದು. ಅಕ್ಟೋಬರ್, ನವೆಂಬರಿನಲ್ಲಿ ಬಿದ್ದ ಬೀಜ ಹೆಕ್ಕಿ ಮೆತಾತೋ ಅನ್ನುವ ಕಲ್ಲಿನ ಗುಡಿಸಲಿನಲ್ಲಿ ಒಣಗಿಸುತ್ತಾರೆ. ಕೆಳಗೆ ನೆಲದಲ್ಲಿ ಚೆಸ್ಟ್‌ನಟ್ ಕಟ್ಟಿಗೆಯದ್ದೇ ಸಣ್ಣ ಬೆಂಕಿ, ಮೇಲೆ ಕೋಲು ಹಾಸಿದ ಅಟ್ಟದ ಮೇಲೆ ಬೀಜ. ಸುಮಾರು ನಲವತ್ತು ದಿನ ಬೆಂಕಿ ಆರದ ಹಾಗೆ ನೋಡಿಕೊಳ್ಳಬೇಕು. ಮೊದಲ ಸಲ ಒಳಗೆ ಹೋದಾಗ ನನಗೆ ನಮ್ಮಜ್ಜಿ ಮನೆಯ ಒಲೆಯ ಮೇಲಿನ ಅಟ್ಟವೇ ನೆನಪಾದದ್ದು, ಅದೇ ಕತ್ತಲೆ, ಅದೇ ವಾಸನೆ. ಆಮೇಲೆ ಸಿಪ್ಪೆ ಬಿಡಿಸಿ ಕಲ್ಲಿನ ಗಿರಣಿಯಲ್ಲಿ ಬೀಸುವುದು. ಇಲ್ಲಿಯ ಹಿಟ್ಟಿಗೆ ಊರಿನ ಹೆಸರಿನ ರಕ್ಷಣೆಯೂ ಉಂಟು, ನಮ್ಮ ಮಟ್ಟು ಗುಳ್ಳ ಬದನೆಗೆ ಜಿಐ ಇದ್ದ ಹಾಗೆ. ಯಂತ್ರದಲ್ಲಿ ಒಣಗಿಸಿದ ಹಿಟ್ಟಿಗೆ ಹೊಗೆ ವಾಸನೆ ಇರುವುದಿಲ್ಲ.

ಒಳ್ಳೆ ಹಿಟ್ಟಿನ ಕೊನೆಗೆ ನಾಲಿಗೆಯಲ್ಲಿ ಸ್ವಲ್ಪ ಕಹಿ ನಿಲ್ಲುವುದೂ ಸಹಜ. ಬೀಜದ ಒಳಗಿನ ತೆಳು ಸಿಪ್ಪೆ ಪೂರ್ತಿ ಹೋಗದೆ ಉಳಿದರೆ ಹಾಗಾಗುತ್ತದೆ, ಗೇರುಬೀಜದ ಒಳಸಿಪ್ಪೆಯ ಒಗರಿನ ಹಾಗೆ. ಅದು ನಾಲಿಗೆಯ ಒಗರು. ವಿಟ್ಲದವರು ಹೇಳಿದ ಕಮಟು ಗಂಟಲಿನಲ್ಲಿ ಹಿಡಿಯುವುದು.

ಗಂಟಿನ ಬಗ್ಗೆ ನನಗೂ ಮೊದಲು ತಪ್ಪು ತಿಳಿವಳಿಕೆ ಇತ್ತು. ನಾನು ನೋಡಿಕೊಳ್ಳುವ ಅಮ್ಮನ ಮನೆಯಲ್ಲಿ ಚೆಸ್ಟ್‌ನಟ್ ಮರದ್ದೇ ದೊಡ್ಡ ಪೆಟ್ಟಿಗೆ ಉಂಟು. ಹಿಟ್ಟು ಬಂದ ದಿನ ಅದರಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಿಸುತ್ತಾರೆ. ಅವರ ಕೈಗೆ ಈಗ ಬಲವಿಲ್ಲ, ಗುದ್ದುವುದು ನಾನು, ಪಕ್ಕದಲ್ಲಿ ಕುರ್ಚಿ ಹಾಕಿ ಕೂತು "ಇನ್ನೂ, ಇನ್ನೂ" ಅನ್ನುವುದು ಅವರು. ಎಡೆ ಇಲ್ಲದಷ್ಟು ಒತ್ತಿದರೆ ಗಾಳಿ ಹೋಗುವುದಿಲ್ಲ, ಹುಳಕ್ಕೆ ಜಾಗ ಇರುವುದಿಲ್ಲ. ಬೇಕಾದಾಗ ಚಾಕುವಿನಿಂದ ಕಡಿದು ತೆಗೆದು ಜರಡಿ ಹಿಡಿಯುತ್ತೇವೆ. ಆದ್ದರಿಂದ ಗಂಟು ಕಂಡ ಕೂಡಲೇ ಹಾಳು ಅನ್ನಬೇಡಿ. ಬೆರಳಲ್ಲಿ ಒತ್ತಿದಾಗ ಹುಡಿಹುಡಿಯಾಗಿ ಉದುರಿದರೆ ಅದು ಒಣ ಗಂಟು, ಒಳ್ಳೆಯದು. ಒತ್ತಿದಾಗ ಮೇಣದ ಹಾಗೆ ಅಂಟಿಕೊಂಡರೆ, ಒಳಗೆ ಬಣ್ಣ ಬೇರೆ ಇದ್ದರೆ ತೇವ ಹೋಗಿದೆ.

ಆದರೆ ಆ ಪೆಟ್ಟಿಗೆಯ ಕ್ರಮ ಇಲ್ಲಿಯ ಚಳಿಗೆ ಸರಿ. ಇಲ್ಲಿಯವರೂ ಬೇಸಿಗೆ ಬರುವ ಮೊದಲೇ ಹೆಚ್ಚಿನದನ್ನು ಮುಗಿಸುತ್ತಾರೆ. ನಾನು ಅದನ್ನು ಯೋಚಿಸದೆ ಏಪ್ರಿಲಿನಲ್ಲಿ, ಮಳೆಯ ಬಾಗಿಲಿಗೆ ತಂದುಕೊಟ್ಟೆ. ಪ್ಯಾಕೆಟಿನ ತಾರೀಕಿನ ಮುಂದೆ ಪ್ರೆಫೆರಿಬಿಲ್ಮೆಂತೆ ಅಂತ ಬರೆದಿರುತ್ತದೆ, ಅಷ್ಟರೊಳಗೆ ತಿಂದರೆ ಉತ್ತಮ ಅಂತ ಅರ್ಥ. ಒಡೆಯದೆ, ತಂಪಲ್ಲಿ ಇಟ್ಟರೆ ಮಾತ್ರ ಆ ಮಾತು. ಒಡೆದ ಮೇಲೆ ಅದಕ್ಕೆ ಬೆಲೆ ಇಲ್ಲ.

ತಂಗೀ, ಬಿಸಾಡಲಿಕ್ಕೆ ನನ್ನ ಮುಖ ನೋಡಬೇಡ. ಹೊಸ ಹಿಟ್ಟು ನವೆಂಬರ್ ಕೊನೆಗೆ ಬರುತ್ತದೆ. ಈ ಸಲ ಕ್ರಿಸ್‌ಮಸ್‌ಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ, ಆಗ ಮಂಗಳೂರಿನಲ್ಲೂ ಗಾಳಿ ಒಣಗಿರುತ್ತದೆ.

ಬಾಳೆತೋಟ_ವಿಟ್ಲ | ಜೂನ್ 30, ಬೆಳಿಗ್ಗೆ 8.30

ಅಟ್ಟದ ವಿಷಯ ಓದಿ ಮೈ ಜುಂ ಅಂದಿತು. ಒತ್ತಿ ತುಂಬುವ ಉಪಾಯ ಬಾಕಾಹುಗೂ ಮಾಡಿ ನೋಡುತ್ತೇನೆ, ಭರಣಿಯಲ್ಲಿ.

ಕುಲಶೇಖರದ_ಮನೆ | ಜುಲೈ 1, ಮಧ್ಯಾಹ್ನ 12.10

ಎಲ್ಲರೂ ಹೇಳಿದ ಹಾಗೆ ಮಾಡಿದೆ. ವರದಿ ಬರೆಯುತ್ತೇನೆ.

ಒಡೆದ ಪ್ಯಾಕೆಟಿನ ಗಂಟನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಡೆದು ನೋಡಿದೆ. ಬೆರಳಿಗೆ ಅಂಟಿತು. ಒಳಗೆ ಬೂದು, ಹಸಿರು ಚುಕ್ಕಿ. ಎರಡು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿದೆ. ಡಬ್ಬವನ್ನು ಬಿಸಿನೀರು, ಸೋಪು ಹಾಕಿ ತೊಳೆದು ಗ್ಯಾಸಿನ ಪಕ್ಕ ಇಟ್ಟು ಪೂರ್ತಿ ಒಣಗಿಸಿದೆ.

ಮೆತ್ತಗಾದ ಪ್ಯಾಕೆಟ್ ತುಂಬ ಬೇಸರ ಕೊಟ್ಟಿತು. ವಾಸನೆ ಚೆನ್ನಾಗಿಯೇ ಇತ್ತು, ಬಣ್ಣವೂ. ಇದು ಉಳಿಯಿತು ಅಂತಲೇ ಅಂದುಕೊಂಡೆ. ಕಾಗದದ ಮೇಲೆ ಸುರಿಯುವಾಗ ಕೆಳಗಿನ ಮೂಲೆಯಿಂದ ಹಿಟ್ಟು ಬೀಳಲೇ ಇಲ್ಲ, ಎಳೆಯಲ್ಲಿ ತೂಗಿ ನಿಂತಿತು. ಬಲೆ. ಅದರೊಳಗೆ ಬಿಳಿ ಮರಿಹುಳ ಎರಡು. ಪ್ಯಾಕೆಟನ್ನು ಬೆಳಕಿಗೆ ಹಿಡಿದರೆ ಸೀಲಿನ ಹತ್ತಿರ ಚಿಕ್ಕ ತೂತು. ದೊಡ್ಡವರಿಗಾದರೆ ಜರಡಿ ಹಿಡಿದು ತಿನ್ನುತ್ತಿದ್ದೆವೋ ಏನೋ, ಮಗುವಿಗೆ ಬೇಡ ಅಂತ ಅದನ್ನೂ ಹಾಕಿದೆ. ಬೀರುವಿನ ಮೂಲೆ ಮೂಲೆ ಗುಡಿಸಿ ಒರೆಸಿದೆ.

ಇಟ್ಟಿಗೆ ಪ್ಯಾಕೆಟ್ ಬಂಗಾರ. ಒತ್ತಿದರೆ ಉದುರಿತು. ಬಿಸಿನೀರಿನ ಪರೀಕ್ಷೆಗೆ ಹೊಗೆ, ಅದರ ಹಿಂದೆ ಬೆಂದ ಗೆಣಸಿನಂಥ ಸಿಹಿ ಪರಿಮಳ, ಅಷ್ಟೇ. ತಟ್ಟೆಯಲ್ಲಿ ಹರಡಿ ಇಪ್ಪತ್ತು ನಿಮಿಷ ಬಿಟ್ಟೆ, ಒಂದು ಗೆರೆ ಬೀಳಲಿಲ್ಲ. ಕಾಲು ಕಿಲೋದ ನಾಲ್ಕು ಚೀಲ ಮಾಡಿ, ತಾರೀಕು ಬರೆದು, ಡಬ್ಬದಲ್ಲಿ ಹಾಕಿ ಫ್ರೀಜರಿಗೆ ಇಟ್ಟಿದ್ದೇನೆ. ಮೂರು ಕಿಲೋದಲ್ಲಿ ಒಂದು ಕಿಲೋ ಉಳಿಯಿತು.

ಲ್ಯಾಬ್‌ಕೋಟು_ಮಣಿಪಾಲ | ಜುಲೈ 1, ಮಧ್ಯಾಹ್ನ 1.45

ಸರಿಯಾಗಿ ಮಾಡಿದಿರಿ. ಒಂದೇ ಒಂದು ಮಾತು: ಜರಡಿ ಯಾವುದು? ಚಪಾತಿ ಹಿಟ್ಟಿಗೆ ಬಳಸಿದ ಜರಡಿಯ ಕಣ್ಣಲ್ಲಿ ಗೋಧಿ ಕೂತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮಗಳಿಗೆ ಅಂತಲೇ ಹೊಸ ಜರಡಿ ಬೇರೆ ಇಡಿ.

ಕುಲಶೇಖರದ_ಮನೆ | ಜುಲೈ 1, ಮಧ್ಯಾಹ್ನ 2.05

ಹಂಪನಕಟ್ಟೆಗೆ ಹೋಗಿ ಇವತ್ತೇ ತರುತ್ತೇನೆ. ಇದು ಹೊಳೆದೇ ಇರಲಿಲ್ಲ.

ಅಟ್ಟದಮನೆ_ಕಾರ್ಕಳ | ಜುಲೈ 2, ಬೆಳಿಗ್ಗೆ 6.15

ಅದರಲ್ಲಿ ಮಣ್ಣಿ ಮಾಡಿ ಕೊಡಿ ಮಗುವಿಗೆ. ಒಂದು ಲೋಟ ಹಿಟ್ಟಿಗೆ ಎರಡು ಚಮಚ ಕೂವೆ ಹುಡಿ, ಮೂರು ಲೋಟ ತೆಂಗಿನಕಾಯಿ ಹಾಲು. ಗಂಟಿಲ್ಲದ ಹಾಗೆ ಮೊದಲು ತಣ್ಣಗಿರುವಾಗಲೇ ಕದಡಬೇಕು. ಬೆಲ್ಲ ಹಾಕುವಾಗ ಕೈ ಹಿಡಿಯಿರಿ, ಹಿಟ್ಟೇ ಸಿಹಿ ಅಂತೀರಲ್ಲ. ಏಲಕ್ಕಿ, ಚಿಟಿಕೆ ಉಪ್ಪು. ತಳ ಬಿಡುವವರೆಗೆ ಮಗುಚಿ, ತುಪ್ಪ ಸವರಿದ ಬಟ್ಟಲಿಗೆ ಹಾಕಿ. ಕೂವೆ ಹುಡಿ ಬೇಕಾದರೆ ಹೇಳಿ, ಮನೆಯದ್ದೇ ಉಂಟು, ಗೋಧಿ ತಾಗದ ಕಲ್ಲಿನಲ್ಲಿ ಅರೆದದ್ದು.

ಲುಕ್ಕಾದ_ಅಕ್ಕ | ಜುಲೈ 2, ರಾತ್ರಿ 11.50

ಇಲ್ಲಿಯೂ ಹಾಗೇ ಮಗುಚಿ ಬೇಯಿಸುವ ಗಟ್ಟಿ ಗಂಜಿ ಉಂಟು, ನೀರಲ್ಲಿ ಮಾಡುತ್ತಾರೆ. ತೆಂಗಿನಹಾಲಿನದ್ದು ಇನ್ನೂ ರುಚಿ ಆದೀತು. ಹುಟ್ಟುಹಬ್ಬಕ್ಕೆ ಕಾಸ್ತಾನ್ಯಾಚೋ ಅನ್ನುವ ಇಲ್ಲಿಯ ಚೆಸ್ಟ್‌ನಟ್ ಕೇಕ್ ಮಾಡು ತಂಗಿ: ಕಾಲು ಕಿಲೋ ಹಿಟ್ಟಿಗೆ ಮುನ್ನೂರೈವತ್ತು ಎಂಎಲ್ ನೀರು ಸ್ವಲ್ಪ ಸ್ವಲ್ಪವಾಗಿ, ಎರಡು ಚಮಚ ಆಲಿವ್ ಎಣ್ಣೆ, ಒಣದ್ರಾಕ್ಷಿ, ಚಿಟಿಕೆ ಉಪ್ಪು. ಸಕ್ಕರೆ ಇಲ್ಲ, ಸೋಡಾ ಇಲ್ಲ, ಉಬ್ಬುವುದೂ ಇಲ್ಲ. ಒಂದು ಬೆರಳು ದಪ್ಪಕ್ಕೆ ಸುರಿದು 190 ಡಿಗ್ರಿಯಲ್ಲಿ ಮೇಲೆ ಬಿರುಕು ಬಿಡುವವರೆಗೆ, ಮೂವತ್ತೈದು ನಿಮಿಷದಷ್ಟು. ಇಲ್ಲಿ ಮೇಲೆ ಪೈನ್ ಬೀಜ, ರೋಸ್ಮರಿ ಹಾಕುತ್ತಾರೆ. ಪೈನ್ ಬೀಜದ ಬದಲು ಗೇರುಬೀಜ ಹಾಕು.

ಕುಲಶೇಖರದ_ಮನೆ | ಜುಲೈ 13, ಸಂಜೆ 7.20

ನಿನ್ನೆ ಮಗಳ ಹುಟ್ಟುಹಬ್ಬ ಆಯಿತು. ಮೊನ್ನೆ ರಾತ್ರಿ ಒಂದು ಚೀಲ ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಚೀಲದ ಹೊರಮೈ ಒದ್ದೆ, ಒರೆಸಿ ಬಿಡಿಸಿದರೆ ಹಿಟ್ಟು ಮರಳಿನ ಹಾಗೆ ಒಣ. ಪಕ್ಕದಲ್ಲೇ ಬಂಗುಡೆ ಇದ್ದರೂ ವಾಸನೆ ಒಂದು ಚೂರೂ ಹಿಡಿದಿಲ್ಲ. ಹೊಸ ಜರಡಿಯಲ್ಲಿ ಹಿಡಿದು ಅಕ್ಕ ಹೇಳಿದ ಹಾಗೆ ಮಾಡಿದೆ. ಗೇರುಬೀಜ ಕೆಂಪಗಾಗಿ ಮೇಲೆ ಕೂತಿತ್ತು. ಡಬ್ಬದಲ್ಲಿ ತುಂಬಿ ಶಾಲೆಗೆ ಕೊಟ್ಟೆ. ಸಂಜೆ ಬಂದು ಹೇಳಿದಳು, ಅವಳ ಪಕ್ಕ ಕೂರುವ ಹುಡುಗಿ ಎರಡು ತುಂಡು ತಿಂದಳಂತೆ, ಇನ್ನೊಂದು ಕೇಳಿದಳಂತೆ.

ಫ್ರೀಜರಿನಲ್ಲಿ ಇನ್ನು ಮೂರು ಚೀಲ ಉಂಟು. ಕಾರ್ಕಳದ ಅಮ್ಮ, ಕೂವೆ ಹುಡಿ ಕಾಲು ಕಿಲೋ ಬೇಕಿತ್ತು. ಬಸ್ಸಿನಲ್ಲಿ ಕಳಿಸುವುದಾದರೆ ಎರಡು ಪ್ಲಾಸ್ಟಿಕ್ ಹಾಕಿ ಕಟ್ಟಿ, ಮಳೆ ಜೋರಿದೆ.